ಎಳೆ ಅಕ್ಷರದ ಅಕ್ಕ

ಗದ್ವಾಲದ ಬಜಾರಿನಲ್ಲಿ ನಡೆಯುವಾಗ ನಾನು ತಲೆ ಎತ್ತಿ ಬೋರ್ಡು ಓದುವುದನ್ನು ಬಿಟ್ಟು ಬಹಳ ಕಾಲವಾಯಿತು. ಓದಿದರೆ ಹೊಟ್ಟೆ ಉರಿಯುತ್ತದೆ. ಬಳೆ ಅಂಗಡಿ, ಫಂಕ್ಷನ್ ಹಾಲು, ಬ್ಯೂಟಿ ಪಾರ್ಲರು, ಸೀರೆಯ ಶೋರೂಮು, ಎಲ್ಲಿ ನೋಡಿದರೂ ಅದೇ ಕೂದಲೆಳೆಯ ತೆಲುಗು ಅಕ್ಷರ. ನನ್ನ ಜೊತೆ ಬಂದವರು ನಿಂತು ನೋಡಿ, ಎಷ್ಟು ನಾಜೂಕಾಗಿದೆ ಎನ್ನುತ್ತಾರೆ. ನಾಜೂಕಾಗಿಯೇ ಇದೆ. ಇಲ್ಲ ಎಂದು ನಾನು ಹೇಗೆ ಹೇಳಲಿ, ಅದರ ಮೈ ಬರೆದವಳು ನಾನೇ.

ಅದರ ತಲೆ ಬರೆದವಳು ಹೋದ ತಿಂಗಳು ಮಖ್ತಲದಲ್ಲಿ ತೀರಿಕೊಂಡಳು. ಫೋನಿನಲ್ಲಿ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನಮ್ಮ ಜಗಳ ಇನ್ನೂ ಮುಗಿದಿರಲಿಲ್ಲ. ಎಂದಾದರೊಂದು ದಿನ ಅವಳು ನಾರಾಯಣಪೇಟೆಗೆ ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ತಪ್ಪಾಯಿತು ಎಂದು ಹೇಳುತ್ತಾಳೆ, ಆಗ ಏನೇನು ಅನ್ನಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಅವಳು ಬರಲೇ ಇಲ್ಲ. ಜೋಡಿಸಿಟ್ಟದ್ದೆಲ್ಲ ನನ್ನಲ್ಲೇ ಉಳಿಯಿತು.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಮಖ್ತಲದಲ್ಲಿ ಎಲ್ಲರೂ ಕಾರ್ಡಿನ ಅಕ್ಕ ಎನ್ನುತ್ತಿದ್ದರು, ನಾನು ಬರೀ ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ. ರಾಯಚೂರು ಕಡೆಯ ಕುರುಬರ ಮನೆಯ ಮಗಳು, ಮೈಲಾರಲಿಂಗನ ಒಕ್ಕಲು, ಬೆಳಿಗ್ಗೆ ಎದ್ದರೆ ಮೊದಲು ಹಣೆಗೆ ದೇವರ ಅರಿಶಿನದ ಭಂಡಾರ, ಆಮೇಲೆ ಚಹ. ಮಖ್ತಲದ ಪಾತ್ರೆ ಅಂಗಡಿಯ ಮನೆಗೆ ಸೊಸೆಯಾಗಿ ಬಂದವಳು. ನಮ್ಮ ಕಡೆ ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲಿನ ಬಿಂದಿಗೆ ತಟ್ಟೆಗಳ ಮೇಲೆ ಕೊಟ್ಟವರ ಹೆಸರು ಹಾಕಿಸುತ್ತಾರಲ್ಲ, ಆ ಗುರ್ರೆನ್ನುವ ಮಿಷನ್ನು ಗಂಡನ ಕೈಯಿಂದ ಕಸಿದುಕೊಂಡು ಹೆಸರು ಹಾಕಲು ಕೂತವಳು ಅಂಗಡಿಯ ಅರ್ಧ ಗಿರಾಕಿಯನ್ನು ತನ್ನ ಕಡೆಗೇ ಎಳೆದುಕೊಂಡಳು. ಪಾತ್ರೆ ಬೇರೆ ಅಂಗಡಿಯಲ್ಲಿ ಕೊಂಡು ಹೆಸರಿಗೆ ಇವಳ ಹತ್ತಿರ ಬರುವವರೂ ಇದ್ದರು. ಮಿಷನ್ನಿನ ಮೊನೆ ಸಣ್ಣದು, ಒತ್ತಿ ಬರೆದರೆ ಪಾತ್ರೆ ತೂತಾಗುತ್ತದೆ. ಅವಳ ಕೈ ಸಣ್ಣ ಗೆರೆಗೆ ಒಗ್ಗಿದ್ದು ಅಲ್ಲಿ.

ಆಮೇಲೆ ಅಂಗಡಿಯ ಪಕ್ಕದ ಗೋದಾಮನ್ನೇ ಖಾಲಿ ಮಾಡಿಸಿ ಮದುವೆ ಕಾರ್ಡಿನ ಕೆಲಸ ಶುರುಮಾಡಿದಳು. ಮಾಮ, ಅಂದರೆ ಅವಳ ಗಂಡ, ಬಾಯಿ ಸತ್ತ ಮನುಷ್ಯ. ಹೆಂಡತಿ ಏನು ಹೇಳಿದರೂ ಅದೇ ಸರಿ ಎಂದು ನಂಬಿಕೊಂಡು, ಗಿರಾಕಿಗಳ ಮುಂದೆ ಅವಳ ಮಾತನ್ನೇ ಇನ್ನೊಂದು ಸಲ ಮೆಲ್ಲಗೆ ಹೇಳುವುದು ಅವರ ಕೆಲಸ.

ನನ್ನನ್ನು ಅವಳು ಹುಡುಕಿದ್ದು ಸೀರೆಯಿಂದ. ನಮ್ಮದು ನಾರಾಯಣಪೇಟೆಯ ನೇಕಾರರ ಮನೆ, ಮನೆಮಾತು ಕನ್ನಡ. ಅವ್ವ ಮಗ್ಗದ ಮೇಲೆ ಕೂತರೆ ನಾನು ಅಂಚಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕ ತುಂಬಿ ಕೊಡುತ್ತಿದ್ದೆ. ಅಕ್ಕ ನಾದಿನಿಗೆ ಸೀರೆ ಕೊಳ್ಳಲು ಬಂದವಳು ಸೀರೆ ಬಿಟ್ಟು ಹಾಳೆ ನೋಡುತ್ತಾ ನಿಂತಳು. ಗೋಪುರದ ಅಂಚನ್ನು ಹೀಗೂ ಸಣ್ಣ ಮಾಡಬಹುದೇ ಎಂದು ಕೇಳಿದಳು. ನೂಲು ಒಪ್ಪುವುದಿಲ್ಲ, ಹಾಳೆ ಒಪ್ಪುತ್ತದೆ ಎಂದೆ. ಆಗ ಅವಳು ನನ್ನ ಬಲಗೈ ಹಿಡಿದು, ತರಕಾರಿ ಕೊಳ್ಳುವವರ ಹಾಗೆ ತಿರುವಿ ನೋಡಿ, ಅವ್ವನ ಕಡೆ ತಿರುಗಿ, "ಈ ಕೈ ನನಗ ಬೇಕ್ರಿ" ಅಂದಳು. ಅವ್ವ ನಕ್ಕಳು. ನಾನು ಮರುವಾರವೇ ಮಖ್ತಲದ ಬಸ್ಸು ಹತ್ತಿದೆ.

ಅವಳು ಬರೆಯಲು ಕೂರುವುದೇ ಒಂದು ನೋಟ. ಬಲಗೈಯ ಬಳೆಗಳನ್ನು ಮೊಣಕೈವರೆಗೆ ಸರಿಸಿ ಕರ್ಚೀಫಿನಿಂದ ಕಟ್ಟಿಕೊಳ್ಳುವಳು, ಹಾಳೆಯ ಮೇಲೆ ಜಾರಬಾರದೆಂದು. ಬಾಗಿಲಿಗೆ ಬಂದ ಗಿರಾಕಿಗೆ ಕಣ್ಣಿನಲ್ಲೇ ನಿಲ್ಲು ಎನ್ನುವಳು. ನಿಬ್ಬನ್ನು ಮಸಿಗೆ ಅದ್ದಿ, ಉಸಿರು ಹಿಡಿದು, ತಲೆಕಟ್ಟನ್ನು ಎಡದಿಂದ ಬಲಕ್ಕೆ ಒಂದೇ ಸಲ ಎಳೆದು, ತುದಿಯಲ್ಲಿ ಎಳ್ಳಿನಷ್ಟು ಸಣ್ಣ ಸುರುಳಿ ಸುತ್ತಿ, ಆಮೇಲೆ ಉಸಿರು ಬಿಟ್ಟು "ಬಂದ್ಲು" ಅನ್ನುವಳು. ಅವಳ ಪಾಲಿಗೆ ಎಲ್ಲ ಅಕ್ಷರವೂ ಹೆಣ್ಣು. ಗೆರೆ ಕೆಟ್ಟರೆ "ಮುನಿಸಿಕೊಂಡ್ಲು" ಎಂದು ಆ ಹಾಳೆಯನ್ನು ಬೋರಲು ಹಾಕಿ ಚಹಕ್ಕೆ ಏಳುವಳು. ಅಚ್ಚಾದ ಕಾರ್ಡನ್ನು ಕೈ ಚಾಚಿ ದೂರ ಹಿಡಿದು ಕಣ್ಣು ಕಿರಿದು ಮಾಡಿ, ಮದುಮಗಳು ಕಾಣಿಸುತ್ತಾಳೆಯೇ ಎಂದು ನನ್ನನ್ನು ಕೇಳುವಳು. ಹೆಸರು ಮೊದಲು ಕಣ್ಣಿಗೆ ಬಿತ್ತೋ ಇಲ್ಲವೋ ಎನ್ನುವುದು ಅವಳ ಪ್ರಶ್ನೆ.

ನಮ್ಮ ಈ ಎಳೆ ಅಕ್ಷರವನ್ನು ನೋಡದವರಿಗೆ ಹೇಗೆ ಹೇಳುವುದು? ಗೆರೆ ಎಲ್ಲ ಕಡೆ ಕೂದಲಷ್ಟು ಸಣ್ಣ. ಒಂದೊಂದು ಅಕ್ಷರದಲ್ಲೂ ಒಂದೇ ಜಾಗದಲ್ಲಿ, ಕೆಳಗೆ ತಿರುಗುವಲ್ಲಿ, ಸ್ವಲ್ಪ ತುಂಬಿಕೊಂಡು ಮತ್ತೆ ಸಣ್ಣಗಾಗುತ್ತದೆ. ಒತ್ತಕ್ಷರ ಸೆರಗಿನ ಕುಚ್ಚಿನ ಹಾಗೆ ಕೆಳಗೆ ಇಳಿಬಿದ್ದಿರುತ್ತದೆ. ದೀರ್ಘದ ಬಾಲ ಪಕ್ಕದ ಅಕ್ಷರದ ಅಡಿಗೆ ಹಾದು ಹೋಗಿ, ತುದಿಯಲ್ಲಿ ನಮ್ಮ ಗೋಪುರದ ಅಂಚಿನ ಮೆಟ್ಟಿಲು ಏರಿ ನಿಲ್ಲುತ್ತದೆ. ಆ ಮೆಟ್ಟಿಲು ನಾನು ತಂದದ್ದು. ಮೈಯ ತಿರುವುಗಳೂ ನನ್ನವು, ಗ್ರಾಫ್ ಹಾಳೆಯ ಮೇಲೆ ಅಳೆದು ಬರೆದವು. ಮೇಲಿನ ತಲೆಕಟ್ಟು ಮಾತ್ರ ಅವಳದು. ಅದನ್ನು ನಾನು ಎಷ್ಟು ಸಲ ಪ್ರಯತ್ನಪಟ್ಟರೂ ನನ್ನ ಗೆರೆ ಕಡ್ಡಿಯ ಹಾಗೆ ಬಿದ್ದುಕೊಳ್ಳುತ್ತಿತ್ತು, ಅವಳದು ಮಲಗಿಕೊಳ್ಳುತ್ತಿತ್ತು. ಹೀಗೆ ಒಂದು ಅಕ್ಷರಕ್ಕೆ ಇಬ್ಬರ ಕೈ ಬೇಕಾಗುತ್ತಿತ್ತು.

ನಮ್ಮ ಕಡೆ ಹೆಣ್ಣು ಕೊಡುವುದು ತರುವುದು ಕರ್ನಾಟಕದ ಗಡಿಯ ಆಚೆ ಈಚೆ ಎರಡೂ ಕಡೆ. ಹಾಗಾಗಿ ಕಾರ್ಡಿಗೆ ಎರಡು ಮುಖ. ಒಂದು ಕಡೆ ತೆಲುಗು, ಒಂದು ಕಡೆ ಕನ್ನಡ. ತೆಲುಗಿನ ಕಡೆಗೆ ಹೈದರಾಬಾದಿನಿಂದ ಬಂದ ಚೆಂದ ಚೆಂದದ ಅಚ್ಚುಗಳಿದ್ದವು. ತಿರುಗಿಸಿದರೆ ಕನ್ನಡ ಮಾತ್ರ ಸರ್ಕಾರಿ ನೋಟೀಸಿನ ಹಾಗೆ ಮೊಂಡು ಅಕ್ಷರದಲ್ಲಿ ಇರುತ್ತಿತ್ತು. ಅಕ್ಕನಿಗೆ ಅದೇ ಉರಿ. ತನ್ನ ತವರಿನವರಿಗೆ ಕೊಡುವ ಮುಖವೇ ಹಿಂಭಾಗ ಆಯಿತಲ್ಲ ಎಂದು ಕೂಗಾಡುತ್ತಿದ್ದಳು. ಎಳೆ ಅಕ್ಷರ ಹುಟ್ಟಿದ್ದೇ ಆ ಉರಿಯಿಂದ, ಕನ್ನಡದ ಮುಖಕ್ಕೆಂದು.

ಶುರುವಿನಲ್ಲಿ ಮೇಲಿನ ಶುಭಮಸ್ತು ಮತ್ತು ಮದುಮಕ್ಕಳ ಹೆಸರು, ಇಷ್ಟಕ್ಕೇ ಆ ಅಕ್ಷರ. ಸೀರೆಯ ಮಡಿಕೆಯಲ್ಲಿ ಇಡುವ ಸಣ್ಣ ಚೀಟಿಯ ಮೇಲೂ ಅಂಗಡಿಯ ಹೆಸರು ಬರೆದುಕೊಟ್ಟೆವು. ಮುಹೂರ್ತ, ಸ್ಥಳ, ಬಸ್ಸಿನ ದಾರಿ ಇವಕ್ಕೆಲ್ಲ ಸಾದಾ ಅಕ್ಷರವೇ ಎಂದು ಅಕ್ಕ ಹಟ ಹಿಡಿದಿದ್ದಳು. ಒಬ್ಬ ಯಜಮಾನರು ಕೇಳಲಿಲ್ಲ. ಅವರಿಗೆ ಕಾರ್ಡಿನ ತುಂಬ ಅದೇ ಬೇಕು, ಒಂದಕ್ಷರವೂ ಬೇರೆ ಇರಬಾರದು. ಅಕ್ಕ ಎಷ್ಟು ಹೇಳಿದರೂ ಬಗ್ಗದಿದ್ದಾಗ, ಆಗಲಿ ನೋಡಿಯೇಬಿಡೋಣ ಎಂದು ಬರೆದುಕೊಟ್ಟಳು. ಗುರುಮಠಕಲ್ ಕಡೆಯ ಬೀಗರು ಕಾರ್ಡನ್ನು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿ, ಎಷ್ಟು ಚೆಂದ ಎಷ್ಟು ಚೆಂದ ಎಂದು ಹೊಗಳಿ, ಮುಹೂರ್ತದ ಹೊತ್ತನ್ನು ಮಾತ್ರ ತಪ್ಪು ಓದಿಕೊಂಡು, ತಾಳಿ ಕಟ್ಟಿ ಊಟದ ಎರಡನೇ ಪಂಕ್ತಿ ಏಳುವಾಗ ಟೆಂಪೋ ಇಳಿದರು. ಯಜಮಾನರು ಮರುದಿನ ಅಂಗಡಿಗೆ ಬಂದು ರೇಗಾಡಿದರು. ಅಕ್ಕ ಎಲ್ಲ ಕೇಳಿಸಿಕೊಂಡು, "ಸೀರಿ ತುಂಬಾ ಸೆರಗಽ ಇದ್ರ ಉಡೂದು ಹೆಂಗ್ರಿ?" ಎಂದು ಕೇಳಿದಳು. ಮಾಮ ಹಿಂದಿನಿಂದ ಅದೇ ಮಾತನ್ನು ಮೆಲ್ಲಗೆ ಇನ್ನೊಂದು ಸಲ ಹೇಳಿದರು.

ಇನ್ನೊಂದು ಕಾಟ ಅರಿಶಿನದ್ದು. ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ಯಾರೂ ಹಂಚುವುದಿಲ್ಲ. ಆದರೆ ಭಕ್ತಿ ಹೆಚ್ಚಾದವರು ಒದ್ದೆ ಅರಿಶಿನವನ್ನು ಹೆಸರಿನ ಮೇಲೂ ಬೊಟ್ಟಿಡುವರು. ಮೊಂಡು ಅಕ್ಷರವಾದರೆ ಹೇಗೋ ತಡೆದುಕೊಳ್ಳುತ್ತದೆ, ಎಳೆ ಅಕ್ಷರ ಅದರಡಿ ಮುಳುಗಿಯೇ ಹೋಗುತ್ತದೆ. ಅಕ್ಕ ಮದುವೆಮನೆಯ ಹೆಂಗಸರನ್ನು ಅಂಗಡಿಯಲ್ಲೇ ಕೂರಿಸಿಕೊಂಡು, ಅವರ ಬೆರಳು ಹಿಡಿದು ಮೂಲೆಗೆ ಮುಟ್ಟಿಸಿ ತೋರಿಸುತ್ತಿದ್ದಳು. ಇಷ್ಟು ದೊಡ್ಡ ಹೆಂಗಸರಿಗೆ ಅರಿಶಿನ ಹಚ್ಚಲು ಕಲಿಸುವವಳು ಇವಳೊಬ್ಬಳೇ ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ಅವಳು ನನಗೆ ಬಹಳ ಪ್ರೀತಿಯವಳಾಗಿದ್ದಳು, ಈಗ ಅದನ್ನು ಬರೆಯಲೂ ಕಷ್ಟವಾಗುತ್ತದೆ.

ತೆಲಂಗಾಣದ ಚಳವಳಿ ಜೋರಾದ ಕಾಲ. ಬಂದ್ ಎಂದರೆ ಬಸ್ಸಿಲ್ಲ, ಶಾಲೆಯಿಲ್ಲ, ಅಂಗಡಿಗಳ ಶಟರು ಅರ್ಧ ಇಳಿದಿರುತ್ತಿತ್ತು. ಮದುವೆಗಳು ಮಾತ್ರ ನಿಲ್ಲಲಿಲ್ಲ. ಮಖ್ತಲಕ್ಕೆ ಹೋದವಳು ಎಷ್ಟೋ ಸಲ ವಾಪಸು ಬರಲಾಗದೆ ಅಕ್ಕನ ಮನೆಯಲ್ಲೇ ಉಳಿದೆ. ಹೊರಗೆ ಮೆರವಣಿಗೆ ಹೋಗುತ್ತಿತ್ತು, ಮಾಮ ಜೋಳದ ರೊಟ್ಟಿ ಬಡಿದು ಶೇಂಗಾ ಚಟ್ನಿ ಹಚ್ಚಿಕೊಡುತ್ತಿದ್ದರು, ನಾವಿಬ್ಬರು ಗೋದಾಮಿನಲ್ಲಿ ಕೂತು ಇಡೀ ಕನ್ನಡ ವರ್ಣಮಾಲೆಯನ್ನು ಬರೆಯುತ್ತಿದ್ದೆವು. ಅದುವರೆಗೆ ಒಂದೊಂದು ಕಾರ್ಡಿಗೂ ಹೆಸರನ್ನು ಕೈಯಲ್ಲೇ ಬರೆದು, ಅದರಿಂದ ಸ್ಕ್ರೀನು ಮಾಡಿ ಅಚ್ಚು ಹಾಕುತ್ತಿದ್ದೆವು. ಈಗ ಅಕ್ಕನಿಗೆ ಹೊಸ ಆಸೆ ಹುಟ್ಟಿತ್ತು. ಒಂದೊಂದು ಅಕ್ಷರವನ್ನೂ ಒಂದೊಂದು ಬಟರ್ ಪೇಪರಿನ ಮೇಲೆ ಊಟದ ತಟ್ಟೆಯಷ್ಟು ದೊಡ್ಡದಾಗಿ ಬರೆದುಕೊಂಡು ಹೈದರಾಬಾದಿಗೆ ಹೋಗುವುದು, ಅಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿಸುವುದು. ಆಮೇಲೆ ಯಾವ ಊರಿನ ಕಾರ್ಡಿಗಾದರೂ ನಮ್ಮ ಅಕ್ಷರ ಸಿಗುತ್ತದೆ. ರಾಯಚೂರಿನಲ್ಲೂ, ಯಾದಗಿರಿಯಲ್ಲೂ.

ನನಗೆ ಇದು ಬರೀ ಆಸೆಯಲ್ಲ. ಸೀರೆಯ ಅಂಚಿನ ಮೇಲೆ ನಾನು ಎಷ್ಟು ನಕ್ಷೆ ಬರೆದರೂ ಅದು ಇಂಥವಳ ಕೈ ಎಂದು ಯಾರೂ ಹೇಳುವುದಿಲ್ಲ. ಸೀರೆಗೆ ಊರಿನ ಹೆಸರಿದೆ, ನಕ್ಷೆಯವಳ ಹೆಸರಿಲ್ಲ. ಆ ಹಾಳೆಗಳು ಮಾತ್ರ ನನ್ನ ಜೀವನದಲ್ಲಿ ನಾನು ಮಾಡಿದ ಒಂದು ವಸ್ತು, ನನ್ನ ಭಾಷೆಯಲ್ಲಿ. ಅದು ಕನ್ನಡವಾಗಿ ಹೊರಗೆ ಬರಬೇಕು ಎನ್ನುವುದೊಂದೇ ನನಗೆ ಬೇಕಾಗಿದ್ದದ್ದು.

ಜೆರಾಕ್ಸ್ ಮಾಡಿಟ್ಟುಕೊಳ್ಳೋಣ ಎಂದು ನಾನು ಹೇಳಿದ್ದೆ. ಒಂದು ಹಾಳೆ ಮಾಡಿಸಿಯೂ ನೋಡಿದೆವು. ಗೆರೆ ಅಲ್ಲಲ್ಲಿ ಕಡಿದು, ಮಳೆಗೆ ನೆನೆದ ರಂಗೋಲಿಯ ಹಾಗೆ ಬಂತು. ಅಕ್ಕ ಅದನ್ನು ಹರಿದು ಹಾಕಿ, ಇನ್ನು ಮೇಲೆ ಜೆರಾಕ್ಸಿನ ಮಾತೆತ್ತಬೇಡ ಎಂದಳು. ಹಾಳೆಗಳೆಲ್ಲ ಅವಳ ಗೋದಾಮಿನ ಡ್ರಾಯರಿನಲ್ಲೇ ಇದ್ದವು. ಬಸ್ಸಿನಲ್ಲಿ ಒಯ್ದರೆ ಮಡಚಿ ಹೋಗುತ್ತವೆ ಎಂದು ನಾನು ಒಂದನ್ನೂ ಮನೆಗೆ ತಂದಿರಲಿಲ್ಲ.

ನಾಡಿನಲ್ಲಿ ತೆಲುಗಿನದೇ ಜೋರು, ಹೈದರಾಬಾದಿನವರು ಮೊದಲು ತೆಲುಗು ಕೊಡಿ ಎಂದರೆ ಏನು ಮಾಡುವುದು ಎಂದು ಒಂದು ದಿನ ಕೇಳಿದೆ. ಅಕ್ಕ ಎದ್ದು ದೇವರ ಮುಂದಿನ ಬಟ್ಟಲಿನಿಂದ ಭಂಡಾರ ತಂದು, ಗ ಬರೆದ ಹಾಳೆಯ ಮೂಲೆಗೆ ಹಚ್ಚಿದಳು. ಅವಳ ಮನೆತನದಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿಗೆ ಎರಡನೇ ಮಾತಿಲ್ಲ. "ಮೈಲಾರನಾಣಿ, ಮೊದಲ ಕನ್ನಡ. ಆಮ್ಯಾಲೆ ಉಳಿದದ್ದು" ಎಂದಳು. ಆ ಹಳದಿ ಬೊಟ್ಟನ್ನು ನಾನು ಬಹಳ ದಿನ ನೆನೆಸಿಕೊಳ್ಳುತ್ತಿದ್ದೆ.

ರಾಜ್ಯ ಬಂತು. ಊರೂರಲ್ಲಿ ಪಟಾಕಿ, ಗುಲಾಬಿ ಬಣ್ಣ, ಕುಣಿತ. ನಮ್ಮ ಮನೆಯಲ್ಲೂ ಸಿಹಿ ಮಾಡಿದೆವು, ಸುಳ್ಳು ಹೇಳಬಾರದು. ನಮಗೂ ಅದು ಬೇಕಾಗಿತ್ತು. ಆ ವರ್ಷ ಅವ್ವನಿಗೆ ಕಾಲುನೋವು ಹೆಚ್ಚಾಗಿ ನಾನು ಮಖ್ತಲದ ಕಡೆ ಹೋಗುವುದು ಕಡಿಮೆಯಾಯಿತು. ಫೋನು ಮಾಡಿದರೆ ಅಕ್ಕ ಕೆಲಸ ನಡೆದಿದೆ, ಗಡಿಬಿಡಿ ಮಾಡಬೇಡ, ಏಂ ಕಾದು, ಏನೂ ಆಗುವುದಿಲ್ಲ ಎನ್ನುತ್ತಿದ್ದಳು. ತೆಲುಗಿಗೆ ಜಾರಿದಳೆಂದರೆ ಅವಳಿಗೆ ಮಾತು ಮುಗಿಸಬೇಕಾಗಿದೆ ಎಂದು ಅರ್ಥ, ಅದು ನನಗೆ ಗೊತ್ತಿತ್ತು. ಆದರೂ ನಂಬಿದೆ.

ಜರಿ ತರಲು ಗದ್ವಾಲಕ್ಕೆ ಹೋಗಿದ್ದಾಗ ಮೊದಲ ಸಲ ನೋಡಿದೆ. ಬ್ರಾಂದಿ ಅಂಗಡಿಯ ಬೋರ್ಡು. ಒಳಗೆ ದೀಪ ಹಾಕಿದ ಹೊಸ ಬೋರ್ಡು, ಅದರ ಮೇಲೆ ಮಾಲೀಕನ ಹೆಸರು, ತೆಲುಗಿನಲ್ಲಿ, ನಮ್ಮ ಅಕ್ಷರದಲ್ಲಿ. ಮೆಟ್ಟಿಲು ಏರಿ ನಿಂತ ಬಾಲ ನೋಡಿಯೇ ನನಗೆ ಗೊತ್ತಾಯಿತು. ನಮ್ಮ ಮನೆಯ ಅಂಚನ್ನು ನಾನು ಗುರುತಿಸಲಾರೆನೇ? ಮೈಯೆಲ್ಲ ನನ್ನದು. ಮೇಲೆ ಮಾತ್ರ, ಮಲಗಿರಬೇಕಾದ ತಲೆಕಟ್ಟಿನ ಜಾಗದಲ್ಲಿ, ಶಾಲೆಯಲ್ಲಿ ಉತ್ತರ ಸರಿ ಎಂದು ಮೇಷ್ಟ್ರು ಹಾಕುವ ಗುರುತಿನ ಹಾಗೆ ತೆಲುಗಿನ ತಲೆಕಟ್ಟು ಎದ್ದು ನಿಂತಿತ್ತು. ತೆಲುಗಿಗೂ ಕನ್ನಡಕ್ಕೂ ಮೈ ಒಂದೇ ಇರುವ ಅಕ್ಷರಗಳು ಬಹಳ, ತಲೆ ಬದಲಾಯಿಸಿದರೆ ಸಾಕು. ಮೈ ಬೇರೆಯಿರುವ ಕ, ತ ಮುಂತಾದವನ್ನು ಅವಳು ಹೊಸದಾಗಿ ತಾನೇ ಬರೆದಿದ್ದಳು. ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಅವು ಆ ಸಾಲಿನಲ್ಲಿ ಈಗಲೂ ನೆಂಟರ ಹಾಗೆ ಕೂತಿವೆ.

ನಾನು ಜರಿ ಕೊಳ್ಳದೆಯೇ ಮಖ್ತಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತೆಲುಗು ಮಾಡಿದ್ದಾಳೆ, ಮಾಡಲಿ. ಮಾತು ತಪ್ಪಿದ್ದಾಳೆ, ಬೈಯೋಣ. ಆದರೆ ಕನ್ನಡದ ಹಾಳೆಗಳು ಡ್ರಾಯರಿನಲ್ಲಿ ಇವೆಯಲ್ಲ, ನಾಳೆ ಹೈದರಾಬಾದಿಗೆ ನಾನೇ ಒಯ್ಯುತ್ತೇನೆ.

ಅಕ್ಕ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಏನೂ ಮುಚ್ಚಿಡಲಿಲ್ಲ, ಬೇಕಾದರೆ ನೋಡು ಎನ್ನುವ ಹಾಗೆ ಡ್ರಾಯರು ಎಳೆದು ಪಕ್ಕಕ್ಕೆ ಸರಿದಳು. ಗ ಇದ್ದ ಹಾಳೆ ಎಲ್ಲಕ್ಕಿಂತ ಮೇಲಿತ್ತು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಬಟರ್ ಪೇಪರಿನ ಮೇಲೆ ಮಸಿ ತಪ್ಪಿ ಬಿದ್ದರೆ ಬ್ಲೇಡಿನ ಮೊನೆಯಿಂದ ಮೆಲ್ಲಗೆ ಕೆರೆದು ತೆಗೆಯುತ್ತೇವೆ, ಕೆರೆದ ಜಾಗ ಬೆಳ್ಳಗೆ ಒರಟಾಗಿ ಉಳಿಯುತ್ತದೆ. ಕನ್ನಡದ ಗೆರೆ ಇದ್ದ ಜಾಗವೆಲ್ಲ ಹಾಗೆ ಬೆಳ್ಳಗಾಗಿತ್ತು, ಅದರ ಮೇಲೆಯೇ ತೆಲುಗಿನದು ಬರೆದಿತ್ತು. ಒಂದಾದ ಮೇಲೊಂದು ಹಾಳೆ ಎತ್ತಿದೆ. ನ, ರ, ಮ, ದ. ಎಲ್ಲದರ ತಲೆಯನ್ನೂ ಕೆರೆದು ಬೇರೆ ತಲೆ ಇಟ್ಟಿದ್ದಳು. ತೆಲುಗಿಗೆ ಒಗ್ಗದ ಹಾಳೆಗಳು ಇರಲೇ ಇಲ್ಲ. ಗ ಹಾಳೆಯ ಮೂಲೆಯಲ್ಲಿ ಭಂಡಾರದ ಬೊಟ್ಟು ಮಾತ್ರ ಹಾಗೆಯೇ ಇತ್ತು.

ಜೀವಮಾನದಲ್ಲಿ ಅವಳು ಬರೆದ ಅತ್ಯಂತ ಚೆಂದದ ಗೆರೆಗಳು ಅವೇ ಆಗಿದ್ದವು. ಅವನ್ನು ಅವಳೇ ಕೆರೆದಳು ಎನ್ನುವುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಹೈದರಾಬಾದಿನವರು ತೆಲುಗು ಮಾತ್ರ ಕೇಳಿದರು ಎಂದಳು. ರಾಜ್ಯ ಬಂದಿದೆ, ಎಲ್ಲ ಕಡೆ ಹೊಸ ಬೋರ್ಡು ಬೀಳುತ್ತವೆ, ಈಗಲೇ ಕೊಟ್ಟರೆ ತೆಗೆದುಕೊಳ್ಳುತ್ತೇವೆ, ತಡವಾದರೆ ಬೇಡ ಅಂದರಂತೆ. ಹೊಸ ಹಾಳೆಯ ಮೇಲೆ ಮೈಯಿಂದ ಶುರುಮಾಡಲು ನಾನು ಬೇಕಾಗಿತ್ತು. ನಾನಿರಲಿಲ್ಲ. "ಮೈ ಅದಽ ಐತಲ್ಲ, ತಲಿ ಅಷ್ಟ ಬದಲ್ ಮಾಡಿದೆ" ಎಂದಳು, ಜಾಕೀಟಿನ ಗುಂಡಿ ಬದಲಿಸಿದವರ ಹಾಗೆ. ಕನ್ನಡದ ಕಾರ್ಡು ಕೇಳಿಕೊಂಡು ಈಗ ಯಾರು ಬರುತ್ತಾರೆ ಎಂದೂ ಕೇಳಿದಳು.

"ನನ್ನ ಒಂದ್ ಮಾತು ಕೇಳಬಾರದಿತ್ತೇನಕ್ಕ?" ಎಂದೆ.

ಅವಳು ನನ್ನನ್ನೇ ನೋಡಿದಳು. ಬಳೆಗಳನ್ನು ಮೊಣಕೈಯಿಂದ ಕೆಳಗೆ ಬಿಟ್ಟುಕೊಂಡಳು. "ಕೇಳಿದ್ರ ನೀ ಬ್ಯಾಡಂತಿದ್ದಿ. ಅದಕ್ಕಽ ಕೇಳಲಿಲ್ಲ."

ನಾನು ಎದ್ದು ಬಂದೆ. ಅವಳು ತಡೆಯಲಿಲ್ಲ. ಇದು ಯಾರ ಅಕ್ಷರ ಎಂದು ಕೇಳಿದವರಿಗೆ ಅವಳು ನನ್ನ ಹೆಸರೂ ಹೇಳುತ್ತಿದ್ದಳಂತೆ, ಅದು ಬೇರೆ ಮಾತು. ಹೆಸರು ಯಾರಿಗೆ ಬೇಕಾಗಿತ್ತು? ಊಟದ ತಟ್ಟೆಯಷ್ಟು ದೊಡ್ಡ ಅಕ್ಷರಗಳನ್ನು ಉಸಿರು ಹಿಡಿದು ಬರೆದ ಆ ಬಂದ್ ದಿನಗಳನ್ನೇ ಅವಳು ಬ್ಲೇಡಿನಲ್ಲಿ ಕೆರೆದು ಹಾಕಿದ್ದಳು. ಜಗಳವಾಡಿ ಬೇರೆಯಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜಗಳಕ್ಕೂ ಮೊದಲೇ ನನ್ನ ಉತ್ತರವನ್ನು ತಾನೇ ಊಹಿಸಿಕೊಂಡು, ನನ್ನನ್ನು ಬಿಟ್ಟು ನನ್ನ ವಸ್ತುವಿನ ಲೆಕ್ಕ ತೀರಿಸಿದವಳು ಅವಳೊಬ್ಬಳೇ.

ಮನೆಯಲ್ಲಿ ಮತ್ತೆ ಬರೆಯಲು ಕೂತದ್ದುಂಟು. ಮೈ ಬಂತು. ಸಿಟ್ಟಿನಲ್ಲಿ ಬರೆದದ್ದರಿಂದ ಮೊದಮೊದಲು ಗೆರೆ ಗಟ್ಟಿಯಾದರೂ ಆಮೇಲೆ ಸರಿಹೋಯಿತು. ತಲೆಕಟ್ಟು ಮಾತ್ರ ಬರಲೇ ಇಲ್ಲ. ಹಳೆಯ ಕಾರ್ಡುಗಳನ್ನು ಇಟ್ಟುಕೊಂಡವರ ಮನೆಗೂ ಹೋಗಿ ನೋಡಿದೆ. ಅಚ್ಚಿನಲ್ಲಿ ಮಸಿ ಹರಡಿ ಗೆರೆ ದಪ್ಪಗಾಗಿತ್ತು, ಇದ್ದ ನಾಲ್ಕು ಹೆಸರಿನ ಮೇಲೆ ಅರಿಶಿನ ಕೂತಿತ್ತು. ತಲೆಯಿಲ್ಲದ ಅಕ್ಷರಗಳನ್ನು ಒಂದಷ್ಟು ದಿನ ಗೋಡೆಗೆ ಅಂಟಿಸಿಟ್ಟುಕೊಂಡಿದ್ದೆ. ಅವ್ವ ಅವನ್ನು ನೋಡಲಾರೆ ಎಂದಳು, ತೆಗೆದುಬಿಟ್ಟೆ. ಒಂದು ಮಾತು ಒಪ್ಪಿಕೊಳ್ಳಬೇಕು, ಆ ಗೆರೆಯ ಆಸೆಗಾದರೂ ಅವಳು ಬರಲಿ ಎಂದು ಎಷ್ಟೋ ಸಲ ಅಂದುಕೊಂಡೆ. ಅವಳು ಇನ್ನೂ ಇದ್ದಾಳೆ, ಅವಳ ಕೈ ಇದೆ, ಮುನಿಸು ತಿಳಿಯಾದರೆ ಕನ್ನಡ ಮತ್ತೆ ಆಗುತ್ತದೆ ಎಂಬ ಒಂದು ನಂಬಿಕೆ ಒಳಗೆ ಉಳಿದಿತ್ತು.

ಹೊಸ ಜಿಲ್ಲೆಗಳಾದವು. ಗದ್ವಾಲವೂ ಜಿಲ್ಲೆ, ಆಮೇಲೆ ನಮ್ಮ ನಾರಾಯಣಪೇಟೆಯೂ ಜಿಲ್ಲೆ. ಬೋರ್ಡುಗಳೆಲ್ಲ ಮತ್ತೊಮ್ಮೆ ಬದಲಾದವು. ಎಳೆ ಅಕ್ಷರ ಬಾಳೆಗೊನೆಯ ಹಾಗೆ ಎಲ್ಲ ಕಡೆ ನೇತಾಡತೊಡಗಿತು, ಮೊಟ್ಟೆ ಅಂಗಡಿಯ ಮೇಲೂ, ಟೈರು ಪಂಕ್ಚರಿನವನ ತಗಡಿನ ಮೇಲೂ. ಸೀರೆಯ ತುಂಬ ಸೆರಗು ಬೇಡ ಎಂದವಳು ಅದನ್ನೆಲ್ಲ ನೋಡಿ ಏನು ಅಂದುಕೊಂಡಳೋ, ಕೇಳಲು ನಮ್ಮ ನಡುವೆ ಮಾತೇ ಇರಲಿಲ್ಲ.

ಅವಳು ಹೋದ ಮೂರನೇ ದಿನ ಮಖ್ತಲಕ್ಕೆ ಹೋದೆ. ಹೋಗದೆ ಇರಲು ಆಗಲಿಲ್ಲ. ಜಗುಲಿಯ ಮೇಲೆ ಫೋಟೋ ಇಟ್ಟು ಮಾಲೆ ಹಾಕಿದ್ದರು, ಹಣೆಯ ಮೇಲೆ ಭಂಡಾರ ಹಾಗೆಯೇ ಹಚ್ಚಿದ್ದರು. ಅದನ್ನು ನೋಡಿದ ಮೇಲೆ ನನಗೆ ಅಳು ಬಂತು, ಚೆನ್ನಾಗಿಯೇ ಅತ್ತೆ. ಮಾಮ ಬಂದು ನನ್ನ ಪಕ್ಕದಲ್ಲಿ ಕೂತರು. ಬಹಳ ಇಳಿದುಹೋಗಿದ್ದರು. ಪಕ್ಕದ ಮನೆಯವರು ನನಗೂ ಅವರಿಗೂ ಚಹ ತಂದಿಟ್ಟು ಹೋದರು.

ತವರಿನವರಿಗೆ ತಿಥಿಯ ಕಾರ್ಡು ಹಾಕಿಸಬೇಕು, ಅವರು ಕನ್ನಡ ಓದುವವರು ಎಂದು ಮಾಮ ಶುರುಮಾಡಿದರು. ಉಳಿದದ್ದೆಲ್ಲ ಸಾದಾ ಅಕ್ಷರದಲ್ಲಿರಲಿ, ಅವಳ ಹೆಸರೊಂದು ಎಳೆ ಅಕ್ಷರದಲ್ಲಿ ಬರಲಿ, ಕನ್ನಡದಲ್ಲಿ, ಅಷ್ಟೇ ಅವರ ಆಸೆ. ಅವರು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದರು.

"ಕನ್ನಡದ್ದೆಲ್ಲಾ ನಿನ್ನ ಹತ್ರ ಐತಂತಲ್ಲವ್ವ. ಯಾರ ಬಂದು ಕೇಳಿದ್ರೂ ಆಕಿ ಹಂಗಽ ಹೇಳ್ತಿದ್ಲು. ಕನ್ನಡ ನಾರಾಯಣಪೇಟಿ ಹುಡುಗೀಗೆ ಕೊಟ್ಟೀನಿ, ಯಾರಿಗೂ ಕೊಡಾಕ ಆಕೀಗೆ ಮನಸಿಲ್ಲ ಅಂತ."

ನನಗೆ ಒಂದೊಂದೇ ತಿಳಿಯುತ್ತಾ ಬಂತು. ಇಷ್ಟು ವರ್ಷ ಮದುವೆ ಇಟ್ಟುಕೊಂಡವರು ನಮ್ಮ ಮನೆಗೆ ಬಂದು ಕನ್ನಡದ ಎಳೆ ಅಕ್ಷರ ಕೇಳುತ್ತಿದ್ದದ್ದು. ನನ್ನ ಹತ್ತಿರ ಇಲ್ಲ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏಳುತ್ತಿದ್ದದ್ದು. ಗುರುಮಠಕಲ್ಲಿನ ಒಬ್ಬ ಹೆಂಗಸು ಮೆಟ್ಟಿಲು ಇಳಿಯುತ್ತಾ, ವಿದ್ಯೆಯನ್ನು ಹೀಗೆ ಗಂಟು ಕಟ್ಟಿಟ್ಟುಕೊಳ್ಳಬಾರದು ತಾಯಿ ಎಂದದ್ದು, ಅವಳು ಅಂಚಿನ ನಕ್ಷೆಯ ಮಾತಾಡುತ್ತಿದ್ದಾಳೆ ಎಂದು ನಾನು ಸುಮ್ಮನಾಗಿದ್ದದ್ದು. ಕನ್ನಡ ಕೇಳುವವರು ಇದ್ದರು. ವರ್ಷ ವರ್ಷವೂ ಬಂದು ಕೇಳಿದ್ದರು. ಕೆರೆದುಬಿಟ್ಟೆ ಎಂದು ಹೇಳಲು ಬಾಯಿ ಬರದೆ ಅವಳು ಅವರನ್ನೆಲ್ಲ ನನ್ನ ಬಾಗಿಲಿಗೆ ಕಳಿಸಿದ್ದಳು. ಇಡೀ ಮಖ್ತಲದಲ್ಲಿ, ಅವಳ ತವರಿನಲ್ಲಿ, ಕನ್ನಡದ ಎಳೆ ಅಕ್ಷರವನ್ನು ಬಚ್ಚಿಟ್ಟುಕೊಂಡವಳು ನಾನು.

ಸಾವಿನ ಮನೆ ಎಂದು ಒಂದು ಕ್ಷಣ ತಡೆದುಕೊಂಡೆ. ಆಮೇಲೆ ಹೇಳಿಯೇಬಿಟ್ಟೆ.

"ನನ್ನ ಹತ್ರ ಒಂದೂ ಇಲ್ಲರಿ ಮಾಮ. ಅಕ್ಕನಽ ಬ್ಲೇಡ್ ತಗೊಂಡು ಕನ್ನಡದ ತಲಿ ಎಲ್ಲಾ ಕೆರೆದು ತೆಲುಗು ಮಾಡಿದ್ಲು. ಆ ಗೆರಿ ಬರಿಯಾಕ ಆಕಿ ಕೈನಽ ಬೇಕು, ನನಗ ಬರಂಗಿಲ್ಲ. ಇನ್ನ ಅದು ಯಾರ ಹತ್ರಾನೂ ಇಲ್ಲ."

ಮಾಮ ಫೋಟೋ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೆ ಸಿಟ್ಟು ಬರಲಿಲ್ಲ. ಅವರ ದನಿಯಲ್ಲಿ ನನ್ನ ಮೇಲೆ ಕನಿಕರವೇ ಇತ್ತು.

"ಇರ್ಲಿ ಬಿಡವ್ವ. ಕೊಡಾಕ ಮನಸಿಲ್ಲಂದ್ರ ಕೊಡಬ್ಯಾಡ. ಸತ್ತಾಕಿ ಮ್ಯಾಲೆ ಯಾಕ ಹಾಕ್ತಿ" ಎಂದು ಹೇಳಿ, ಆರುತ್ತಿದ್ದ ಚಹದ ಲೋಟವನ್ನು ನನ್ನ ಕಡೆಗೆ ಸರಿಸಿದರು.